ಒಂದು ಚದರ ಅಡಿಯ ಲೇರ್ಡ್

ನಿನಿಯನ್ ಲೆಕ್ಕಿ ಜಮೀನುದಾರನಾದದ್ದು ಒಂದು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ, ಬಸ್ ಡಿಪೋದ ಕ್ಯಾಂಟೀನಿನಲ್ಲಿ, ಅರ್ಧ ತಿಂದ ಸಾಸೇಜ್ ರೋಲ್ ಕೈಯಲ್ಲಿ ಹಿಡಿದುಕೊಂಡಿರುವಾಗ. ಅದಕ್ಕೂ ಮುಂಚೆ ಅವನು ಮೂವತ್ತೊಂದು ವರ್ಷ ಲಾಖ್ ಲೋಮಂಡ್ ಸರೋವರದ ದಂಡೆಯ ರಸ್ತೆಯಲ್ಲಿ ಬಸ್ಸು ಓಡಿಸಿದ್ದ. ನಿವೃತ್ತಿಯ ದಿನ ಜೊತೆಯ ಡ್ರೈವರುಗಳೆಲ್ಲ ಸೇರಿ ಗಡಿಯಾರ ಕೊಡುವುದನ್ನು ಬಿಟ್ಟು, ಚೌಕಟ್ಟು ಹಾಕಿಸಿದ ಒಂದು ಪತ್ರ ಕೊಟ್ಟರು. ಸರೋವರದ ಡಾರಕ್ ದ್ವೀಪದಲ್ಲಿ ನಿವೇಶನ ಸಂಖ್ಯೆ ೨೩೧೭, ಒಂದು ಚದರ ಅಡಿ ನೆಲ, ನಿನಿಯನ್ ಲೆಕ್ಕಿಗೆ ಸೇರಿದ್ದು. ಇಂದಿನಿಂದ ಅವನು ತನ್ನನ್ನು ಲೇರ್ಡ್ ಎಂದು ಕರೆದುಕೊಳ್ಳಬಹುದು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಕೆಂಪು ಅರಗಿನ ಮುದ್ರೆ.

ಲೇರ್ಡ್ ಅಂದರೆ ಆ ಸೀಮೆಯಲ್ಲಿ ಭೂಮಿಯ ಒಡೆಯ. ಕೋಟೆ, ಬಂದೂಕು, ನಾಲ್ಕು ನಾಯಿ, ಸೋರುವ ಚಾವಣಿ ಇರುವವನು. ಒಂದೊಂದು ಅಡಿಯ ಇಂಥ ಪತ್ರಗಳನ್ನು ಪ್ರವಾಸಿಗರ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲೇ ಜೋಡಿಸಿಟ್ಟು ಮಾರುತ್ತಾರೆಂಬುದು ನಿನಿಯನ್‌ನ ಬಾಲ್‌ಕರ್ನ್ ಊರಿಗೆಲ್ಲ ಗೊತ್ತು. ಅವನಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಅರಗಿನ ಮುದ್ರೆಯ ಮೇಲೆ ತನ್ನದೇ ಹೆಸರು ಕಾಣುವುದು ಬೇರೆ. ಅವನ ಬೆನ್ನು ನೆಟ್ಟಗಾಯಿತು. ಸಾಸೇಜ್ ರೋಲಿನ ಉಳಿದರ್ಧವನ್ನು ಅವನು ಲೇರ್ಡ್‌ನ ಗಾಂಭೀರ್ಯದಿಂದಲೇ ಮುಗಿಸಿದ.

ಇಲ್ಲಿ ಒಂದು ಗುಟ್ಟು ಹೇಳಿಬಿಡಬೇಕು. ಮೂವತ್ತೊಂದು ವರ್ಷ ಪ್ರವಾಸಿಗರಿಗೆ ಸ್ಟೇರಿಂಗಿನ ಹಿಂದಿನಿಂದ ಕೈ ತೋರಿಸಿ, ಆ ದ್ವೀಪದಲ್ಲಿ ಸನ್ಯಾಸಿನಿಯರಿದ್ದರು, ಈ ದ್ವೀಪದಲ್ಲಿ ಕಳ್ಳಬಟ್ಟಿ ಕಾಯಿಸುತ್ತಿದ್ದರು ಎಂದು ಕಣ್ಣಾರೆ ಕಂಡವನಂತೆ ಹೇಳುತ್ತ ಬಂದವನು ಒಂದೇ ಒಂದು ದ್ವೀಪದ ಮೇಲೂ ಕಾಲಿಟ್ಟಿರಲಿಲ್ಲ. ನೀರೆಂದರೆ ಅವನಿಗೆ ನಡುಕ. ದೋಣಿಯನ್ನು ನೋಡಿದರೆ ಸಾಕು, ಅವನ ಹೊಟ್ಟೆ ಅವನಿಗಿಂತ ಮೊದಲೇ ದಡಕ್ಕೆ ವಾಪಸು ಹೊರಡುತ್ತಿತ್ತು.

ಪತ್ರವನ್ನು ಮನೆಗೆ ತಂದು ಸುತ್ತಿಗೆ, ಮೊಳೆ ಹುಡುಕುತ್ತಿರುವಾಗ ಹೆಂಡತಿ ಸೆಂಗಾ ಅಡುಗೆಮನೆಯಿಂದ ಇಣುಕಿದಳು. ಆಕೆ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಊರಿನ ಯಾವ ಸಮಾರಂಭಕ್ಕೂ ಸ್ಕೋನ್ ಎಂಬ ಪುಟ್ಟ ಬನ್ನು, ಕೇಕು ಹೋಗಬೇಕಾದರೆ ಅವಳ ಒಪ್ಪಿಗೆ ಬೇಕು.

"ಅದೇನದು?"

"ನಮ್ಮ ಜಮೀನಿನ ಪತ್ರ."

"ಎಲ್ಲಿ ನೇತು ಹಾಕ್ತೀಯ?"

"ಅಗ್ಗಿಷ್ಟಿಕೆ ಮೇಲೆ. ಇಂಥವೆಲ್ಲ ಅಲ್ಲೇ ಇರ್ಬೇಕು."

"ಅಲ್ಲಿ ನಮ್ಮಮ್ಮ ಇದಾಳೆ."

"ನಿಮ್ಮಮ್ಮನಿಗೆ ಜಮೀನು ಇರ್ಲಿಲ್ವಲ್ಲ ಸೆಂಗಾ."

ಅತ್ತೆಯ ಫೋಟೋ ಅಲ್ಲಾಡಲಿಲ್ಲ. ಲೇರ್ಡ್‌ನ ಪತ್ರ ಬಚ್ಚಲಮನೆಗೆ ಹೋಗುವ ದಾರಿಯಲ್ಲಿ, ಕೊಡೆ ನೇತುಹಾಕುವ ಗೂಟದ ಮೇಲೆ ಪ್ರತಿಷ್ಠಾಪನೆಯಾಯಿತು.

ಆ ದೇಶದಲ್ಲಿ ದೊಡ್ಡ ಲೇರ್ಡ್‌ಗಳನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಜಮೀನಿನ ಹೆಸರನ್ನೂ ಸೇರಿಸುತ್ತಾರೆ. ನಿನಿಯನ್ ಕೂಡ ಲೈಬ್ರರಿಯ ಪುಸ್ತಕದಲ್ಲಿ "ಡಾರಕ್‌ನ ಲೆಕ್ಕಿ" ಎಂದು ಸಹಿ ಮಾಡಿದ. ಕಿವಿಯ ಡಾಕ್ಟರ ಹತ್ತಿರವೂ ಹಾಗೇ ಬರೆಸಿದ. ಅಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಅವನು ಬೌಲಿಂಗ್ ಕ್ಲಬ್ಬಿನ ಹಾಜರಿ ಪಟ್ಟಿಯಲ್ಲೂ ಅದನ್ನೇ ಬರೆದ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆ ಕ್ಲಬ್ಬಿನ ಕಾರ್ಯದರ್ಶಿ ಕ್ರಾಫರ್ಡ್ ಡಫ್, ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದ ಮನುಷ್ಯ. ಜೀವಮಾನವಿಡೀ ಅಂಗಡಿಯವರ ತಕ್ಕಡಿ ಅಲ್ಲಾಡಿಸಿ ನೋಡಿದವನಿಗೆ ಒಂದು ಚದರ ಅಡಿಯ ಜಂಬ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಯಾರಪ್ಪಾ ಇದು ಡಾರಕ್‌ನ ಲೆಕ್ಕಿ? ಹೊಸ ಸದಸ್ಯರಾ?" ಎಂದು ಇಡೀ ಕ್ಲಬ್ಬಿಗೆ ಕೇಳುವಂತೆ ಡಫ್ ಓದಿದ.

"ನಾನೇ ಕ್ರಾಫರ್ಡ್."

"ಓಹೋ, ದೊರೆಗಳು! ಅಲ್ಲಯ್ಯಾ, ಒಂದು ಚದರ ಅಡೀಲಿ ನಿಂತ್ಕೊಳ್ಳೋಕಾದ್ರೂ ಆಗುತ್ತಾ?"

"ಯಾಕಾಗಲ್ಲ? ನನ್ನ ಬೂಟು ಹನ್ನೊಂದೂವರೆ ಇಂಚು ಉದ್ದ. ಎರಡನ್ನೂ ಜೋಡಿಸಿಟ್ರೆ ಎಂಟೂವರೆ ಇಂಚು ಅಗಲ. ಮನೇಲಿ ಅಳೆದು ನೋಡಿದೀನಿ."

"ಕೂತ್ಕೊಳ್ಳೋದು?"

ನಿನಿಯನ್ ಸ್ವಲ್ಪ ಯೋಚಿಸಿ, "ಅದು ಪಕ್ಕದವರ ಜಮೀನಿಗೆ ಹೋಗುತ್ತೆ," ಎಂದ.

ಕ್ಲಬ್ಬಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡಫ್ ಮಾತ್ರ ನಗಲಿಲ್ಲ. ಅವನು ನಗದೆ ಇದ್ದಾಗಲೇ ಹೆಚ್ಚು ಅಪಾಯ.

"ನೋಡು ಲೇರ್ಡ್, ಎಸ್ಟೇಟು ಅಂದ್ಮೇಲೆ ವಿಳಾಸ ಇರ್ಬೇಕು. ನಿಜವಾದ ಲೇರ್ಡ್‌ಗಳಿಗೆ ಟಪಾಲು ಎಸ್ಟೇಟಿಗೇ ಬರುತ್ತೆ. ನಿನಗೆ ಬರೋದು ಫೆರಿ ರಸ್ತೆ ಹದಿನಾಲ್ಕನೇ ನಂಬರಿಗೆ. ಅದೂ ಚರಂಡಿ ರಿಪೇರಿಯವನ ಜಾಹೀರಾತು."

"ಹಾಗಾದ್ರೆ ಡಾರಕ್‌ಗೇ ಬರೆದು ನೋಡು! ಅಲ್ಲೇ ತಗೋತೀನಿ. ಅಲ್ಲಿ ನನ್ನ ಟಪಾಲು ಪೆಟ್ಟಿಗೆ ಇದೆ."

ಅಲ್ಲಿ ಯಾವ ಪೆಟ್ಟಿಗೆಯೂ ಇರಲಿಲ್ಲ. ಆದರೆ ಬಾಯಿಂದ ಬಿದ್ದ ಮಾತು ಆಗಲೇ ಕ್ಲಬ್ಬಿನ ಬಾಗಿಲು ದಾಟಿ, ಮಾಂಸದಂಗಡಿಯ ಮುಂದೆ ಹಾದು, ಚರ್ಚಿನ ಕಡೆಗೆ ಹೊರಟಾಗಿತ್ತು.

ಮುಂದಿನ ಮಂಗಳವಾರ ಬೆಳಿಗ್ಗೆ ಸೆಂಗಾ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತಿದ್ದಳು. ಮದುವೆಯಲ್ಲಿ ಸೋದರತ್ತೆ ಕೊಟ್ಟ ಅವಳ ಬ್ರೆಡ್ ಡಬ್ಬಿ ಮಾಯವಾಗಿತ್ತು. ಅದು ಹಿತ್ತಿಲಲ್ಲಿ ಸಿಕ್ಕಿತು. ಹೊಟ್ಟೆಗೆ ಸೀಳು ಬಿದ್ದು, ಮೈಯೆಲ್ಲ ಕೆಂಪು ಬಣ್ಣ ಬಳಿದುಕೊಂಡು, ಒಂದು ಕಂಬದ ತುದಿಯಲ್ಲಿ ಕೂತಿತ್ತು.

"ನಿನಿಯನ್, ಬ್ರೆಡ್ ಎಲ್ಲಿಡ್ಲಿ?"

"ಸ್ವಲ್ಪ ದಿನ ಬೀರುವಿನಲ್ಲಿಡು ಸೆಂಗಾ. ಎಸ್ಟೇಟಿನ ಕೆಲಸ."

ಸೆಂಗಾ ಬ್ರೆಡ್ಡನ್ನು ನೋಡಿದಳು, ಗಂಡನನ್ನು ನೋಡಿದಳು. ಎರಡರಲ್ಲಿ ಯಾವುದನ್ನು ಬೀರುವಿಗೆ ಹಾಕಿ ಬೀಗ ಜಡಿಯಲಿ ಎಂದು ಯೋಚಿಸುವಂತಿತ್ತು ಅವಳ ಮುಖ.

ಟಪಾಲು ದೋಣಿ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತಿತ್ತು. ಅದನ್ನು ನಡೆಸುವವನು ಲಾಕ್ಲನ್ ಟಾಡ್. ಕಾಗದಗಳ ಜೊತೆಗೆ ಹಿಟ್ಟು, ಸೀಮೆಎಣ್ಣೆ, ಔಷಧಿ, ಜಾಗ ಉಳಿದರೆ ಪ್ರವಾಸಿಗರನ್ನೂ ದ್ವೀಪಗಳಿಗೆ ಮುಟ್ಟಿಸುತ್ತಿದ್ದ. ಆ ದಿನ ಯಾರ್ಕ್‌ಶೈರಿನ ದಂಪತಿ ಇದ್ದರು. ನಿನಿಯನ್ ಎರಡು ತೇಲುಜಾಕೆಟ್ ಒಂದರ ಮೇಲೊಂದು ತೊಟ್ಟು, ಕೆಂಪು ಡಬ್ಬಿಯ ಕಂಬವನ್ನು ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತ.

"ನೀವು ಇಲ್ಲಿಯವರಾ? ಸರೋವರದ ಬಗ್ಗೆ ಸ್ವಲ್ಪ ಹೇಳ್ತೀರಾ?" ಎಂದು ಆ ಹೆಂಗಸು ಕೇಳಿದಳು.

ಕೇಳಿದ ಮೇಲೆ ಮುಗಿಯಿತು. ಕಣ್ಣು ಮುಚ್ಚಿದ್ದರೇನು, ಮೂವತ್ತೊಂದು ವರ್ಷದ ಪಾಠ ತಾನಾಗಿಯೇ ಹರಿಯತೊಡಗಿತು. "ಈಗ ನಿಮ್ಮ ಎಡಗಡೆ ಪಾಳುಕೋಟೆ ಕಾಣುತ್ತೆ."

"ಎಡಗಡೆ ಬರೀ ನೀರಿದೆ," ಎಂದ ಗಂಡ.

"ಸರಿಯಾಗಿ ನೋಡಿ. ಅದರ ಹಿಂದೆಯೇ ಬೆನ್ ಲೋಮಂಡ್ ಬೆಟ್ಟ."

"ಬೆಟ್ಟ ನಿಮ್ಮ ಬೆನ್ನ ಹಿಂದಿದೆ ಸ್ವಾಮಿ."

ಲಾಕ್ಲನ್ ಚುಕ್ಕಾಣಿ ಹಿಡಿದುಕೊಂಡೇ ನಕ್ಕ. "ಅವನು ಬಸ್ಸಿನ ಎಡ ಹೇಳ್ತಿದಾನೆ. ನೀವು ದೋಣಿಯ ಬಲ ನೋಡಿ, ಸರಿಹೋಗುತ್ತೆ."

ಮಧ್ಯದ ದ್ವೀಪದಲ್ಲಿ ದಂಪತಿ ಇಳಿದುಹೋದರು. ದೋಣಿಯಲ್ಲಿ ಇಬ್ಬರೇ ಉಳಿದಾಗ ಲಾಕ್ಲನ್ ಡಬ್ಬಿಯ ಕಡೆ ತಲೆಯಾಡಿಸಿದ.

"ನಿನ್ನ ಪೆಟ್ಟಿಗೆ ಹೆಚ್ಚು ದಿನ ಬಾಳಲ್ಲ ಕಣಯ್ಯಾ. ಡಾರಕ್‌ಗೆ ದೋಣಿ ನಿಲ್ಲಿಸ್ತಾರಂತೆ. ಅಲ್ಲಿರೋದು ಒಂದೇ ವಿಳಾಸ, ಮಿಸ್ ಬೇನ್. ಹೊಸ ಕಾನೂನು ಬಂದಿದೆ. ಎರಡು ವಿಳಾಸ ಇರ್ಬೇಕು, ಎಣಿಸೋ ವಾರದಲ್ಲಿ ಮೂವತ್ತು ಕಾಗದ ಬರ್ಬೇಕು. ಸೆಪ್ಟೆಂಬರ್ ಎರಡನೇ ವಾರ ಗ್ಲಾಸ್ಗೋದಿಂದ ಸಾಹೇಬ್ರು ಎಣಿಸೋಕೆ ಬರ್ತಾರೆ."

"ನಿಲ್ಲಿಸಿದ್ರೆ ಆಯಮ್ಮನ ಗತಿ?"

"ಎಂಬತ್ತೊಂದು ವರ್ಷ. ಹಿಟ್ಟು, ಔಷಧಿ ಎಲ್ಲ ನಾನೇ ಮುಟ್ಟಿಸೋದು. ದೋಣಿ ಇಲ್ಲ ಅಂದ್ರೆ ಊರಿಗೆ ತಂದು ವೃದ್ಧಾಶ್ರಮದಲ್ಲಿ ಇಡ್ತಾರೆ. ಕಿಟಕಿ ಪಕ್ಕದ ರೂಮೂ ಗೊತ್ತು ಮಾಡಿದಾರೆ. ಕಿಟಕೀಲಿ ಕಾರು ನಿಲ್ಲಿಸೋ ಜಾಗ ಕಾಣುತ್ತೆ."

ಯೂಫೀಮಿಯಾ ಬೇನ್ ದೋಣಿಕಟ್ಟೆಯಲ್ಲೇ ನಿಂತಿದ್ದಳು. ಗಂಡಸರ ಬೂಟು, ತಲೆಗೆ ಉಣ್ಣೆಯ ಟೋಪಿ. ಕಂಬವನ್ನು ಊರಿಕೊಂಡು ನಡುಗುತ್ತ ಇಳಿದ ನಿನಿಯನ್‌ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಲೇರ್ಡಾ? ಬಾ ಮಗಾ. ಇಲ್ಲಿಗೆ ಬಂದ ಲೇರ್ಡ್‌ಗಳಲ್ಲಿ ನೀನು ನಾಲ್ಕನೆಯವನು. ಮೊದಲನೆಯವನು ಬಂದು ಅತ್ತ. ಎರಡನೆಯವಳು ಶೌಚಾಲಯ ಎಲ್ಲಿ ಅಂದ್ಲು. ಮೂರನೆಯವನು ಆಡಿನ ಜೊತೆ ಫೋಟೋ ತೆಗೆಸ್ಕೊಂಡು ಹೋದ. ನಿನಗೇನು ಬೇಕು?"

"ನನ್ನ ಜಮೀನು ನೋಡ್ಬೇಕಿತ್ತು."

ಜರಿಗಿಡಗಳನ್ನು ದಾಟಿ, ಓಕ್ ಮರಗಳ ನಡುವೆ ಹತ್ತು ನಿಮಿಷ ನಡೆದರೆ ಒಂದು ಬಯಲು. ನೂರು ನಿವೇಶನಕ್ಕೊಂದು ತಗಡಿನ ಗೂಟ. ಇಪ್ಪತ್ತಮೂರನೇ ಗೂಟದಿಂದ ದೊಡ್ಡ ಓಕ್ ಮರದ ಕಡೆಗೆ ನಿನಿಯನ್ ಅಳತೆಪಟ್ಟಿ ಹಿಡಿದು ಹದಿನೇಳು ಅಡಿ ಅಳೆದ. ಹದಿನೇಳನೆಯ ಅಡಿಯ ಮೇಲೆ ಒಂದು ಬಿಳಿಯ ಆಡು ಮಲಗಿತ್ತು.

"ಇದು ಜೀನ್," ಎಂದಳು ಮಿಸ್ ಬೇನ್. "ಆರು ವರ್ಷದಿಂದ ಅವಳು ಅಲ್ಲೇ ಮಲಗೋದು."

"ಸ್ವಲ್ಪ ಎಬ್ಬಿಸ್ತೀರಾ? ಅದು ನನ್ನ ಜಾಗ."

ಮುದುಕಿಯ ಮುಖದಲ್ಲಿದ್ದ ನಗು ಹೋಯಿತು. "ನೀನೇ ಎಬ್ಬಿಸು. ನೀನು ಲೇರ್ಡ್ ಅಲ್ವಾ? ನಮ್ಮ ಮುತ್ತಜ್ಜೀನೂ ಒಬ್ಬ ಲೇರ್ಡೇ ಎಬ್ಬಿಸಿದ್ದು. ಕುರಿ ಮೇಯೋಕೆ ಜಾಗ ಬೇಕು ಅಂತ ಊರಿಗೆ ಊರೇ ಖಾಲಿ ಮಾಡಿಸಿ ಚಾವಣಿಗೆ ಬೆಂಕಿ ಇಟ್ಟ. ಅವಳು ಕಂಬಳಿ ಹೊದ್ದುಕೊಂಡು ಈ ದ್ವೀಪಕ್ಕೆ ಬಂದ್ಲು. ಆಗ ಕುರಿಗೋಸ್ಕರ ಜನಾನ ಓಡಿಸಿದ್ರು. ಈಗ ಬ್ರೆಡ್ ಡಬ್ಬಿಗೋಸ್ಕರ ಆಡನ್ನ ಓಡಿಸು. ಏನಾದ್ರೂ ಬದಲಾಗ್ಬೇಕಲ್ಲ."

ಒಕ್ಕಲೆಬ್ಬಿಸಿದ ಲೇರ್ಡ್ ಎಂಬುದಕ್ಕಿಂತ ಕೆಟ್ಟ ಬೈಗುಳ ಆ ನೆಲದಲ್ಲಿ ಇಲ್ಲ. ನಿನಿಯನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬೇಡ ಬೇಡ. ಅವಳು ಇರ್ಲಿ," ಎಂದ. ಆಡಿನ ಬೆನ್ನಿಗೂ ಎಲ್ಲೆಗೂ ನಡುವೆ ಗೇಣಷ್ಟು ಜಾಗ ಉಳಿದಿತ್ತು. ಅಲ್ಲೇ ಒಂದು ಮೂಲೆಯಲ್ಲಿ ಕಂಬ ನೆಟ್ಟ. ಜೀನ್ ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿತು.

ಆಮೇಲೆ ಮಿಸ್ ಬೇನ್ ಅವನನ್ನು ಮನೆಗೆ ಕರೆದು ಚಹಾ ಕೊಟ್ಟಳು, ಸ್ಕೋನ್ ಮೇಲೆ ಕಾಡುಹಣ್ಣಿನ ಜಾಮ್ ಬಳಿದು ಕೊಟ್ಟಳು. ಟಪಾಲಿನ ಮಾತು ಬಂತು.

"ಹೋದ ವರ್ಷ ನನಗೆ ಬಂದಿದ್ದು ಹನ್ನೊಂದು ಕಾಗದ. ನಾಲ್ಕು ಹಲ್ಲಿನ ಡಾಕ್ಟರದ್ದು, ಬಂದು ಹಲ್ಲು ತೋರಿಸಿ ಅಂತ. ನನಗೆ ಹಲ್ಲೇ ಇಲ್ಲ. ವಾರಕ್ಕೆ ಮೂವತ್ತು ಎಲ್ಲಿಂದ ತರ್ಲಿ?" ಅವಳು ಕಿಟಕಿಯ ಹೊರಗೆ ನೋಡಿದಳು. "ಎಲ್ಲಾರೂ ಒಂದಿನ ಹೋಗೋದೇ. ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಕಾರು ನಿಲ್ಲಿಸೋದು ನೋಡ್ತಾ ನೋಡ್ತಾ ಹೋಗೋಕೆ ನನಗೆ ಇಷ್ಟ ಇಲ್ಲ ಮಗಾ."

ನಿನಿಯನ್ ಕೂಡ ಅದೇ ಕಿಟಕಿಯ ಹೊರಗೆ ನೋಡಿದ. ನೀರಿನ ಆಚೆಯ ದಡದಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟದಾಗಿ ಅವನ ಬಸ್ಸು ಹೋಗುತ್ತಿತ್ತು. ಆ ರಸ್ತೆಯಿಂದ ಈ ದ್ವೀಪವನ್ನು ಮೂವತ್ತೊಂದು ವರ್ಷ ನೋಡಿದ್ದ, ಈ ದ್ವೀಪದಿಂದ ಆ ರಸ್ತೆಯನ್ನು ನೋಡಿದ್ದು ಇದೇ ಮೊದಲು. ಎಷ್ಟು ಚೆನ್ನಾಗಿದೆಯಲ್ಲ ಅನ್ನಿಸಿತು. ವಾಪಸು ಬರುವಾಗ ಅವನು ಕಣ್ಣು ತೆರೆದುಕೊಂಡೇ ಕೂತಿದ್ದ, ತೇಲುಜಾಕೆಟ್ ಮಾತ್ರ ಎರಡೂ ಮೈಮೇಲಿದ್ದವು.

ಶುಕ್ರವಾರ ಕೆಂಪು ಡಬ್ಬಿಗೆ ಮೊದಲ ಕಾಗದ ಬಿತ್ತು. ಡಫ್ ಬರೆದಿದ್ದ: "ಘನತೆವೆತ್ತ ಡಾರಕ್ ಪ್ರಭುಗಳ ಪಾದಾರವಿಂದಗಳಿಗೆ. ನಮ್ಮ ಕ್ಲಬ್ಬಿನ ಹುಲ್ಲಿನ ಅಡಿಯಲ್ಲಿ ಹೆಗ್ಗಣಗಳು ದಂಗೆ ಎದ್ದಿವೆ. ತಮ್ಮ ಸೈನ್ಯ ಕಳಿಸಿ ಕಾಪಾಡಬೇಕು." ನಿನಿಯನ್ ಅದೇ ದಿನ ಉತ್ತರ ಬರೆದ: "ಸೈನ್ಯ ಇಲ್ಲ. ಬಿಲದಲ್ಲಿ ನುಸಿಗುಳಿಗೆ ಹಾಕಿ ನೋಡಿ. ಇಂತಿ, ಡಾರಕ್‌ನ ಲೆಕ್ಕಿ."

ಈ ಉತ್ತರವನ್ನು ಕ್ಲಬ್ಬಿನಲ್ಲಿ ಮೂರು ಸಲ ಗಟ್ಟಿಯಾಗಿ ಓದಲಾಯಿತು. ಮರುವಾರದಿಂದ ಇಡೀ ಊರಿಗೆ ಬರೆಯುವ ಹುಚ್ಚು ಹಿಡಿಯಿತು. ಮಾಂಸದಂಗಡಿಯವನ ಹೆಂಡತಿ ಎಸ್ಟೇಟಿನಲ್ಲಿ ಜಿಂಕೆ ಬೇಟೆಗೆ ಅಪ್ಪಣೆ ಬೇಡಿದಳು. ಲೇರ್ಡ್ ಉತ್ತರಿಸಿದ: "ಜಿಂಕೆಗೆ ಜಾಗ ಸಾಲದು. ಮುಂಗಾಲು ಎರಡು ನನ್ನ ಜಮೀನಿಗೆ ಬಂದಾಗ ತಿಳಿಸುತ್ತೇನೆ." ಪಾದ್ರಿಯವರು, ಚರ್ಚಿನಲ್ಲಿ ಲೇರ್ಡ್‌ಗಳಿಗೆಂದು ಇರುವ ಮುಂದಿನ ಬೆಂಚು ಖಾಲಿ ಮಾಡಿಸಲೇ ಎಂದು ವಿಚಾರಿಸಿದರು. "ಅಲ್ಲಿ ಗಾಳಿ ಬೀಸುತ್ತದೆ. ಈಗಿನ ಜಾಗವೇ ಬೆಚ್ಚಗಿದೆ," ಎಂದು ಉತ್ತರ ಹೋಯಿತು. ನಿನಿಯನ್ ಮಂಗಳವಾರ, ಶುಕ್ರವಾರ ತಪ್ಪದೆ ದೋಣಿ ಹತ್ತಿ ಟಪಾಲು ತಂದು, ರಾತ್ರಿ ಊಟಕ್ಕೆ ಮುಂಚೆ ಅಷ್ಟಕ್ಕೂ ಉತ್ತರ ಬರೆದು ಮುಗಿಸುತ್ತಿದ್ದ. ಉತ್ತರ ಹೋದಷ್ಟೂ ಕಾಗದ ಹೆಚ್ಚಿದವು. ಆಗಸ್ಟ್ ಕೊನೆಗೆ ವಾರಕ್ಕೆ ನಲವತ್ತು ದಾಟಿತು. ಊರಿನವರು ಗೇಲಿ ಮಾಡುತ್ತಿದ್ದಾರೆಂದು ಅವನಿಗೆ ಗೊತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಇಷ್ಟು ಶ್ರದ್ಧೆಯಿಂದ ಯಾಕೆ ಬರೆಯುತ್ತೀಯ ಎಂದೂ ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ ಮೊದಲ ಶನಿವಾರ ಮಹಿಳಾ ಸಂಘದಲ್ಲಿ ಯಾರೋ ಕೇಕು ಕತ್ತರಿಸುತ್ತ, "ಲೇರ್ಡ್‌ಗೆ ಒಂದು ಚದರ ಇಂಚಿನ ತುಂಡು ಸಾಕು," ಎಂದರು. ಎಲ್ಲರೂ ನಕ್ಕರು. ಸೆಂಗಾ ಚಾಕು ಕೆಳಗಿಟ್ಟಳು. ಏಪ್ರನ್ ಕೂಡ ಬಿಚ್ಚದೆ ಸೀದಾ ಬೌಲಿಂಗ್ ಕ್ಲಬ್ಬಿಗೆ ನಡೆದಳು.

"ಕ್ರಾಫರ್ಡ್ ಡಫ್, ಎದ್ದು ನಿಲ್ಲು."

ಡಫ್ ಎದ್ದು ನಿಂತ. ಅವನ ಜೊತೆ ಇನ್ನೂ ಹನ್ನೆರಡು ಜನ ಯಾಕೋ ಎದ್ದು ನಿಂತರು.

"ನನ್ನ ಗಂಡ ಪೆದ್ದ. ಅದು ನನಗೆ ಮೂವತ್ತೆಂಟು ವರ್ಷದಿಂದ ಗೊತ್ತು, ನೀವು ಹೇಳಿಕೊಡ್ಬೇಕಾಗಿಲ್ಲ. ಆದ್ರೆ ಅವನು ನನ್ನ ಪೆದ್ದ. ಇನ್ನು ಮುಂದೆ ಒಂದೇ ಒಂದು ಗೇಲಿ ಕಾಗದ ಡಾರಕ್‌ಗೆ ಹೋದ್ರೆ ಈ ಕ್ಲಬ್ಬಿಗೆ ನಮ್ಮ ಸಂಘದಿಂದ ಸ್ಕೋನ್ ಬರಲ್ಲ, ಕೇಕ್ ಬರಲ್ಲ. ನಾನು ಸತ್ಮೇಲೂ ಬರಲ್ಲ, ಬರೆದಿಟ್ಟು ಹೋಗ್ತೀನಿ."

ಸೆಂಗಾ ಬಾಗಿಲು ದಾಟಿದ ಮೇಲೆ ಡಫ್ ತನ್ನ ಪೆನ್ನಿಗೆ ಮುಚ್ಚಳ ಹಾಕಿದ. ಊರಿನ ಉಳಿದ ಪೆನ್ನುಗಳಿಗೂ ಆ ದಿನವೇ ಮುಚ್ಚಳ ಬಿತ್ತು.

ಎಣಿಸುವ ವಾರ ಶುರುವಾದದ್ದು ಅದರ ಮುಂದಿನ ಸೋಮವಾರ.

ಮಂಗಳವಾರ ಗ್ಲಾಸ್ಗೋದಿಂದ ಪ್ರಿಂಗಲ್ ಸಾಹೇಬರು ಬಂದರು. ಬೋಳುತಲೆ, ಕಂಕುಳಲ್ಲಿ ಫೈಲು, ಹೊಳೆಯುವ ಬೂಟು. ಲಾಕ್ಲನ್ ಡಾರಕ್‌ನ ಕಟ್ಟೆಯ ಮೇಲೆ ಚೀಲ ತಲೆಕೆಳಗು ಮಾಡಿದ. ಒಂದೇ ಕಾಗದ ಬಿತ್ತು, ಹಲ್ಲಿನ ಡಾಕ್ಟರದ್ದು. ನಿನಿಯನ್ ಓಡಿಹೋಗಿ ಕೆಂಪು ಡಬ್ಬಿ ತೆರೆದು ನೋಡಿದ. ಜೇಡವೊಂದು ಸಂಸಾರ ಹೂಡಿತ್ತು.

"ಒಂದು," ಎಂದು ಪ್ರಿಂಗಲ್ ಬರೆದುಕೊಂಡರು. "ಶುಕ್ರವಾರ ಇನ್ನೊಂದು ಸಲ ಎಣಿಸ್ತೀನಿ. ಅದೇ ಕೊನೆ."

ಮಿಸ್ ಬೇನ್ ಜಾಮಿನ ಒಂದು ಬಾಟಲಿ ತಂದು ನಿನಿಯನ್ ಕೈಗಿಟ್ಟು, "ಇದ್ದ ಜಾಮೆಲ್ಲ ಹಂಚಿಬಿಡ್ತಾ ಇದೀನಿ," ಎಂದಳು.

ದೋಣಿಯಿಂದ ಇಳಿದವನೇ ನಿನಿಯನ್ ಕ್ಲಬ್ಬಿಗೆ ನುಗ್ಗಿದ. ಚೆಂಡು ಉರುಳಿಸುತ್ತಿದ್ದವರೆಲ್ಲ ಅವನನ್ನು ಕಂಡು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು.

"ಕ್ರಾಫರ್ಡ್, ಕಾಗದ ಯಾಕೆ ನಿಂತ್ವು?"

ಡಫ್ ಕೆಮ್ಮಿದ. "ಕ್ಷಮಿಸಪ್ಪಾ ನಿನಿಯನ್. ನಾವು ನಿನ್ನನ್ನ ಗೇಲಿ ಮಾಡ್ತಿದ್ವಿ. ದೊಡ್ಡ ತಪ್ಪಾಯ್ತು."

"ಅದು ನನಗೆ ಗೊತ್ತಿತ್ತಲ್ಲ!"

"ಗೊತ್ತಿತ್ತಾ?"

"ಮೂವತ್ತೊಂದು ವರ್ಷ ಬಸ್ಸು ಓಡಿಸಿದೀನಿ ಕಣಯ್ಯಾ. ತಲೆ ಮೇಲೆ ಒಂದು ಕನ್ನಡಿ ಇರುತ್ತೆ. ಹಿಂದೆ ಕೂತು ಯಾರು ನಗ್ತಾರೆ, ನಾನು ಏನು ಹೇಳಿದಾಗ ನಗ್ತಾರೆ, ಎಲ್ಲ ಕಾಣುತ್ತೆ. ಹಾಗಂತ ಬಸ್ಸು ನಿಲ್ಲಿಸೋಕಾಗುತ್ತಾ? ನಗ್ರಪ್ಪಾ, ಬೇಕಾದಷ್ಟು ನಗಿ. ಆದ್ರೆ ಸ್ಟಾಂಪು ಅಂಟಿಸಿ ನಗಿ! ಶುಕ್ರವಾರದೊಳಗೆ ಮೂವತ್ತು ಕಾಗದ ಹೋಗ್ಲಿಲ್ಲ ಅಂದ್ರೆ ಡಾರಕ್‌ಗೆ ದೋಣಿ ಇಲ್ಲ. ಮಿಸ್ ಬೇನ್‌ನ ತಂದು ಕಾರು ನಿಲ್ಲಿಸೋ ಜಾಗದ ಮುಂದೆ ಕೂರಿಸ್ತಾರೆ."

ಹುಲ್ಲಿನ ಮೇಲೆ ಒಂದು ಚೆಂಡು ಉರುಳಿ ಉರುಳಿ ನಿಂತಿತು. ಬಾಗಿಲಲ್ಲಿ ಸೆಂಗಾ ನಿಂತಿದ್ದಳು. ಗಂಡ ಓಡುತ್ತ ಹೋದದ್ದನ್ನು ಕಂಡು ಹಿಂದೆಯೇ ಬಂದಿದ್ದಳು. ಅವಳ ಮುಖ ಕೆಂಪಾಗಿತ್ತು.

"ಇದನ್ನ ನನಗೆ ಯಾಕೋ ಹೇಳ್ಲಿಲ್ಲ, ಪೆದ್ದಾ?"

"ನೀನು ಬ್ರೆಡ್ ಡಬ್ಬಿ ಬಿಟ್ಟು ಬೇರೇನೂ ಕೇಳ್ಲಿಲ್ವಲ್ಲ."

ಸೆಂಗಾ ಕ್ಲಬ್ಬಿನ ಕಡೆ ತಿರುಗಿದಳು. "ಕಾಗದ ಒಂದಕ್ಕೆ ಎರಡು ಸ್ಕೋನ್. ಜಾಮ್ ಬೇರೆ."

"ಬರೀ ಮೂವತ್ತಾ?" ಎಂದು ಡಫ್ ಗುಡುಗಿದ. "ಯಾರಲ್ಲಿ, ನನ್ನ ಪೆನ್ನೆಲ್ಲಿ?"

ಶುಕ್ರವಾರ ಟಪಾಲು ದೋಣಿ ಅಂಚಿನವರೆಗೂ ನೀರಿಗಿಳಿದು ತೂಗಾಡುತ್ತ ಹೊರಟಿತು. ಡಾರಕ್‌ನ ಕಟ್ಟೆಯ ಮೇಲೆ ಪ್ರಿಂಗಲ್ ಎಣಿಸಿದರು, ಬೆವರು ಒರೆಸಿಕೊಂಡು ಮತ್ತೆ ಎಣಿಸಿದರು. ಲೇರ್ಡ್‌ಗೆ ಇನ್ನೂರ ಹನ್ನೊಂದು. ಮಿಸ್ ಬೇನ್‌ಗೆ ಅರವತ್ತನಾಲ್ಕು; ಅವುಗಳಲ್ಲಿ ಹಲ್ಲಿನ ಡಾಕ್ಟರದ್ದು ಒಂದೂ ಇರಲಿಲ್ಲ. ಗಾಳಿ ಬಿದ್ದುಹೋಗಿತ್ತು. ಜರಿಗಿಡಗಳಿಂದ ನುಸಿಗಳ ಮೋಡ ಎದ್ದು ಸಾಹೇಬರ ಬೋಳುತಲೆಯನ್ನು ಹುಡುಕಿಕೊಂಡು ಬಂತು.

"ಕಾಗದವೇನೋ ಸರಿ," ಎಂದು ಪ್ರಿಂಗಲ್ ಫೈಲು ಬೀಸುತ್ತ ಹೇಳಿದರು. "ಆದ್ರೆ ವಿಳಾಸ ಅಂದ್ರೆ ಅಲ್ಲಿ ವಾಸ ಇರ್ಬೇಕು. ಮಿಸ್ಟರ್ ಲೆಕ್ಕಿ, ನೀವು ಆ ಜಾಗದಲ್ಲೇ ವಾಸವಾ?"

ನಿನಿಯನ್‌ಗೆ ದ್ವೀಪಗಳ ಬಗ್ಗೆ ಕಥೆ ಕಟ್ಟುವುದು ಗೊತ್ತಿತ್ತೇ ಹೊರತು ಸುಳ್ಳು ಹೇಳುವುದು ಗೊತ್ತಿರಲಿಲ್ಲ. "ಇಲ್ಲ ಸಾರ್. ನನ್ನ ವಾಸ ಫೆರಿ ರಸ್ತೇಲಿ."

ಲಾಕ್ಲನ್ ತಲೆಯ ಮೇಲೆ ಕೈ ಹೊತ್ತ. ಪ್ರಿಂಗಲ್ ಗೆರೆ ಎಳೆಯಲು ಪೆನ್ನೆತ್ತಿದರು. "ಹಾಗಾದ್ರೆ ಅಲ್ಲಿ ಯಾರೂ ಇಲ್ಲ."

"ಯಾಕಿಲ್ಲ? ಜೀನ್ ಇದಾಳೆ," ಎಂದಳು ಮಿಸ್ ಬೇನ್.

"ಯಾವ ಜೀನ್?"

"ಲೇರ್ಡ್‌ನ ಒಕ್ಕಲು. ಆರು ವರ್ಷದಿಂದ ಅಲ್ಲೇ ಮಲಗೋದು, ಏಳೋದು. ಬೇಕಾಗಿದ್ರೆ ಇವನು ಅವಳನ್ನ ಎಬ್ಬಿಸಿ ಓಡಿಸ್ಬಹುದಿತ್ತು. ಓಡಿಸ್ಲಿಲ್ಲ."

"ಬೇರೆ ಎಲ್ಲಾದ್ರೂ ಮನೆ?"

"ಎಲ್ಲೂ ಇಲ್ಲ."

"ವಯಸ್ಸು?"

"ವಯಸ್ಸಾಗಿದೆ ಸಾರ್. ಗಡ್ಡ ಬಂದುಬಿಟ್ಟಿದೆ."

"ಪಾಪ," ಎಂದರು ಪ್ರಿಂಗಲ್. "ನಮ್ಮ ಚಿಕ್ಕಮ್ಮನಿಗೂ ಹಾಗೇ ಆಗಿತ್ತು. ಸ್ವಲ್ಪ ಕರೀತೀರಾ?"

"ಕರೆದ್ರೆ ಬರೋಳಲ್ಲ, ಮಹಾ ಹಟಮಾರಿ. ನೀವೇ ಹೋಗಿ ನೋಡಿ. ಈ ಜರಿಗಿಡದ ಒಳಗಿಂದ ಹತ್ತೇ ನಿಮಿಷ."

ಪ್ರಿಂಗಲ್ ಜರಿಗಿಡಗಳ ಕಡೆ ನೋಡಿದರು. ಅಲ್ಲಿಂದ ನುಸಿಗಳ ಇನ್ನೊಂದು ಮೋಡ ಏಳುತ್ತಿತ್ತು. ಅಷ್ಟರಲ್ಲಿ ಮರಗಳ ಆಚೆಯಿಂದ ಜೀನ್‌ಳ ಒಡಕು ದನಿ ಕೇಳಿಸಿತು.

"ಕೆಮ್ಮು ಜೋರಾಗಿದೆಯಲ್ಲ," ಎಂದು ಸಾಹೇಬರು ಬೇಗ ಬೇಗ ಬರೆದುಕೊಂಡರು. "ಎರಡು ವಿಳಾಸ. ವಾಸ ಇರೋರು ಇಬ್ಬರು, ಇಬ್ಬರೂ ವಯಸ್ಸಾದ ಹೆಂಗಸರು. ಔಷಧಿಗಾದ್ರೂ ದೋಣಿ ಬೇಕೇ ಬೇಕು." ಸಹಿ ಹಾಕಿ, ಫೈಲನ್ನು ತಲೆಯ ಮೇಲೆ ಹೊದ್ದುಕೊಂಡು ದೋಣಿಗೆ ಹಾರಿದರು. ಅಲ್ಲಿ ಉಳಿದವರು ದೋಣಿ ತಿರುವು ದಾಟುವವರೆಗೂ ತುಟಿ ಕಚ್ಚಿಕೊಂಡು ನಿಂತಿದ್ದರು.

ಅಕ್ಟೋಬರ್ ಮೊದಲ ವಾರ ಕೆಂಪು ಡಬ್ಬಿಯಲ್ಲಿ ಎರಡು ಲಕೋಟೆ ಇದ್ದವು. ಒಂದು ಸರ್ಕಾರಿ ಲಕೋಟೆ: ಡಾರಕ್ ದ್ವೀಪಕ್ಕೆ ಟಪಾಲು ದೋಣಿ ಮುಂದುವರಿಯುತ್ತದೆ. ಮಿಸ್ ಬೇನ್ ಅದನ್ನು ಓದಿಸಿಕೊಂಡು, ಮತ್ತೊಮ್ಮೆ ಓದಿಸಿಕೊಂಡು, ಹಂಚಿದ ಜಾಮ್ ಬಾಟಲಿಗಳನ್ನೆಲ್ಲ ವಾಪಸು ತಂದುಕೊಡಲು ಹೇಳಿದಳು. ಇನ್ನೊಂದು ಲಕೋಟೆಯ ಮೇಲಿನ ಬರಹ ನಿನಿಯನ್‌ಗೆ ಪರಿಚಿತವಾಗಿತ್ತು. ದಿನಸಿ ಚೀಟಿಯಲ್ಲಿ ದಿನಾ ನೋಡುವ ಬರಹ.

"ಡಾರಕ್‌ನ ಲೇರ್ಡ್ ಅವರಿಗೆ. ಮೂವತ್ತೆಂಟು ವರ್ಷದಿಂದ ತಮ್ಮ ಹೆಂಡತಿಯಾಗಿರುವ ನಾನು ತಮ್ಮ ಎಸ್ಟೇಟನ್ನು ಇನ್ನೂ ನೋಡಿಲ್ಲ. ನನ್ನ ಬ್ರೆಡ್ ಡಬ್ಬಿಗೆ ಸಿಕ್ಕ ಭಾಗ್ಯ ನನಗೆ ಸಿಕ್ಕಿಲ್ಲ. ತಾವು ವಿಚಾರ ಮಾಡಬೇಕು. ಇಂತಿ, ಸೆಂಗಾ ಲೆಕ್ಕಿ, ೧೪ ಫೆರಿ ರಸ್ತೆ."

ನಿನಿಯನ್ ಅದಕ್ಕೆ ಸೆಂಗಾಳ ಎದುರಿಗೇ, ಅಡುಗೆಮನೆಯ ಮೇಜಿನ ಮೇಲೆ ಕೂತು ಉತ್ತರ ಬರೆದ. ಅವಳ ಕೈಗೆ ಕೊಡಲಿಲ್ಲ. ಕೋಟು ತೊಟ್ಟು, ಮಳೆಯಲ್ಲಿ ನಡೆದುಹೋಗಿ ಅಂಚೆಗೆ ಹಾಕಿ ಬಂದ. ಎರಡು ದಿನದ ಮೇಲೆ ಅದು ಅವಳಿಗೆ ತಲುಪಿತು.

ಶುಕ್ರವಾರ ಸೆಂಗಾ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ದೋಣಿ ಹತ್ತಿದಳು. "ಬಲಗಡೆ ಪಾಳುಕೋಟೆ," ಎಂದ ನಿನಿಯನ್. ಅದು ಬಲಗಡೆಯೇ ಇತ್ತು. ಬೆಟ್ಟವೂ ಅವನು ಹೇಳಿದ ಕಡೆಯೇ ಇತ್ತು, ನೆತ್ತಿಯ ಮೇಲೆ ವರ್ಷದ ಮೊದಲ ಹಿಮ. ಓಕ್ ಮರಗಳು ಹಳದಿಗೆ ತಿರುಗಿದ್ದವು. ಮಿಸ್ ಬೇನ್ ಅರ್ಧ ಸ್ಕೋನ್ ತೋರಿಸಿ ತೋರಿಸಿ ಜೀನ್‌ಳನ್ನು ಎಬ್ಬಿಸಿ ಪಕ್ಕಕ್ಕೆ ಕರೆದೊಯ್ದಳು. ಆಡು ಮಲಗಿ ಮಲಗಿ ಹುಲ್ಲು ಚಪ್ಪಟೆಯಾದ ಒಂದು ಅಡಿ ನೆಲ ಅಲ್ಲಿ ಬೆಚ್ಚಗೆ ಕಾದಿತ್ತು.

"ಇಷ್ಟೇನಾ?" ಎಂದಳು ಸೆಂಗಾ.

"ಇಷ್ಟೇ. ನೀನು ನಿಂತ್ಕೋ. ಇಬ್ರು ಹಿಡಿಸಲ್ಲ."

"ಯಾಕೆ ಹಿಡಿಸಲ್ಲ? ನೀನೊಂದು ಕಾಲೆತ್ತು. ನಾನೊಂದು ಕಾಲೆತ್ತೀನಿ."

ಹಾಗೇ ನಿಂತರು. ಅವನ ಬೂಟೊಂದು, ಅವಳ ಬೂಟೊಂದು. ಬೀಳದಂತೆ ಅವಳು ಅವನ ಕೋಟು ಹಿಡಿದಿದ್ದಳು, ಅವನು ಬ್ರೆಡ್ ಡಬ್ಬಿಯ ಕಂಬ ಹಿಡಿದಿದ್ದ. ಆಚೆ ದಡದಲ್ಲಿ ಹನ್ನೊಂದೂವರೆಯ ಬಸ್ಸು ಹೋಯಿತು.

"ಡಬ್ಬಿ ಇಲ್ಲೇ ಇರ್ಲಿ," ಎಂದಳು ಸೆಂಗಾ. "ನಿನ್ನ ಪತ್ರಾನ ಅಗ್ಗಿಷ್ಟಿಕೆ ಮೇಲೆ ಹಾಕು. ನಮ್ಮಮ್ಮನ್ನ ಒಂಚೂರು ಪಕ್ಕಕ್ಕೆ ಸರಿಸಿದ್ರಾಯ್ತು."

ನಿನಿಯನ್ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದನೇನೋ, ಅಷ್ಟರಲ್ಲಿ ಹಿಂದಿನಿಂದ ಮಿಸ್ ಬೇನ್ ಕೂಗಿದಳು.

"ಸಾಕು ಇಳೀರಪ್ಪಾ! ಸ್ಕೋನ್ ಮುಗೀತು, ಜೀನ್‌ಗೆ ನಿದ್ದೆ ಬರ್ತಿದೆ."